ದೇವಯಾನಿಯ ಕ್ಷ-ಕಿರಣಾಕರಗಳು: ಒಂದು ಪದವಿಮರ್ಶೆ

ಆಕಾಶಗಂಗೆಯಂತೆಯೇ ಸುರುಳಿಯಾಕಾರವುಳ್ಳ ನಕ್ಷತ್ರಬ್ರಹ್ಮಾಂಡಗಳಲ್ಲಿ ಭೂಮಿಗೆ ಅತ್ಯಂತ ಸಮೀಪವಾದ ದೊಡ್ಡ ಬ್ರಹ್ಮಾಂಡವನ್ನು ಕನ್ನಡದಲ್ಲಿ ದೇವಯಾನಿಯೆಂದು ಕರೆಯುವುದು ರೂಢಿಯಾಗಿದೆ. ಮೆಸ್ಯೇ ಎಂಬ ಫ್ರೆಂಚ್ ಜ್ಯೋತಿಷಿಯ ಪಟ್ಟಿಯಲ್ಲಿ ಇದು ೩೧ನೆಯದು. ಇದರ ದೂರ ಸುಮಾರು ೨೫ ಲಕ್ಷ ಜ್ಯೋತಿರ್ವರ್ಷ. ಕಾರ್ತಿಕದ ಅಮಾವಾಸ್ಯೆಯ ಸುಮಾರಿಗೆ ಉತ್ತರಾಭಾದ್ರೆಗೆ ಈಶಾನ್ಯದಲ್ಲಿ ಒರಸಿದ ವಿಭೂತಿಯಂತೆ ಬರಿಗಣ್ಣಿಗೂ ತೋರುವ ಈ ಮಚ್ಚೆಯ ಕುರಿತು ೨೦೧೩ನೆಯ ಜೂನ್ ತಿಂಗಳಲ್ಲಿ ಒಂದು ವಾರ್ತೆ ಪ್ರಕಟವಾಯಿತು. ಚಂದ್ರ ಎಂಬ ಕ್ಷ-ಕಿರಣ ದೂರದರ್ಶಕದಿಂದ ೧೩ ವರ್ಷಗಳ ಅವಧಿಯಲ್ಲಿ ೧೫೦ಕ್ಕೂ ಹೆಚ್ಚು ಸಲ ನೋಡಿ, ಕೃಷ್ಣವಿವರಗಳಾಗಿರಲು ಸಲ್ಲುವಂಥ ೨೬ ಆಕರಗಳನ್ನು ಹೊಸದಾಗಿ ಗುರುತಿಸಿದರೆಂದೂ, ಮೊದಲೇ ಗುರುತಿಸಿದ್ದ ೯ರೊಡನೆ ಅವು ೩೫ ಆದುವೆಂದೂ ಅದರ ತಾತ್ಪರ್ಯ. ಇಂಥ ವಾರ್ತೆಯನ್ನು ಕನ್ನಡಕ್ಕೆ ತರುವಾಗ "ದೇವಯಾನಿಯಲ್ಲಿ ೨೬ ಕೃಷ್ಣವಿವರಗಳನ್ನು ಕಂಡರು" ಎಂದು ಬರೆಯುವುದು ಸುಲಭ. ಹಾಗೆ ಬರೆಯುವುದು ವಾಡಿಕೆಯೂ ಆಗಿದೆ. ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ಕಿವಿಗೂ ಹಿತವಾಗಿದೆ. ಆದರೆ ಮೂಲದಲ್ಲಿದ್ದ ಅರ್ಥ ಇದರಲ್ಲಿಲ್ಲ. ಇದು ಶೈಲಿಯ ದೋಷವೋ ಜ್ಞಾನದ ದೋಷವೋ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪದಗಳ ವಿಚಾರ. ಅಮೀನಗಡದ ಕರದಂಟನ್ನು ತಿಳಿಯದವರು ಉತ್ತರ ಕರ್ನಾಟಕದಲ್ಲಿ ವಿರಳ. ಕರಿದ ಅಂಟು ಕರದಂಟು. ತುಪ್ಪದಲ್ಲಿ ಕರಿದ ಅಂಟು ಅದರ ಮುಖ್ಯ ದ್ರವ್ಯವೆಂಬುದನ್ನು ಪದವೇ ಹೇಳುತ್ತದೆ. ಶಾಸ್ತ್ರಕಾರರು ಯೌಗಿಕವೆಂದು ಕರೆಯುವುದು ಇಂಥ ಪದವನ್ನು. ಅವಯವಾರ್ಥದಿಂದಲೇ ವಸ್ತುವಿನ ಪರಿಚಯವಾಗುತ್ತದೆ. ಕ್ಷ-ಕಿರಣವೆಂಬುದು ಇದಕ್ಕೆ ತೀರ ವಿರುದ್ಧ. ೧೮೯೫ರಲ್ಲಿ ರಾಂಟ್‌ಗೆನ್ ಈ ಕಿರಣವನ್ನು ಕಂಡುಹಿಡಿದಾಗ ಅದರ ಸ್ವರೂಪವು ತಿಳಿಯದೆ, ಬೀಜಗಣಿತದಲ್ಲಿ ಅಜ್ಞಾತರಾಶಿಗೆ ಇಡುವ ಅಕ್ಷರವನ್ನೇ ಅದಕ್ಕೆ ಹೆಸರಾಗಿ ಇಟ್ಟನು. ಇದೇ ಸಂಗತಿ ಭಾಸ್ಕರಾಚಾರ್ಯನ ಕಾಲದಲ್ಲಿ ನಡೆದಿದ್ದರೆ ಯಾವತ್ತಾವತ್-ಕಿರಣವೆಂದೋ ಅವ್ಯಕ್ತಕಿರಣವೆಂದೋ ಹೆಸರಾಗುತ್ತಿತ್ತು. ಕನ್ನಡಿಗರು ಉಚ್ಚಾರಸಾಮ್ಯದಿಂದ ಕ್ಷ ಎಂಬ ಅಕ್ಷರವನ್ನು ಇಟ್ಟುಕೊಂಡರು. ಕಿರಣದ ಸ್ವರೂಪವು ಇಂದು ಅವ್ಯಕ್ತವಲ್ಲ. ಅದು ಬೆಳಕಿನ ಜಾತಿಯದೇ, ತರಂಗದ ಉದ್ದ ಮಾತ್ರ ಅತ್ಯಲ್ಪ. ಆದರೂ ಹೆಸರು ರೂಢಿಯಿಂದ ನಿಂತಿದೆ. ನಿಲ್ಲಲಿ, ರೂಢಿಯು ಯೋಗಕ್ಕಿಂತ ಬಲವತ್ತರವೆಂಬುದು ವಿವಾದವಿಲ್ಲದ ಮಾತು.

ದೇವಯಾನಿಯೆಂಬ ಹೆಸರೂ ಪ್ರಾಚೀನವಲ್ಲ. ಪಾಶ್ಚಾತ್ಯರ ಕಥೆಯಲ್ಲಿ ಬಂಡೆಗೆ ಕಟ್ಟಿದ್ದ ಆಂಡ್ರೊಮಿಡಾ ಎಂಬ ಕನ್ಯೆಯನ್ನು ಪರ್ಸಿಯಸ್ ಬಿಡಿಸಿದನು. ಮಹಾಭಾರತದಲ್ಲಿ ಬಾವಿಗೆ ಬಿದ್ದ ಶುಕ್ರಪುತ್ರಿಯನ್ನು ಯಯಾತಿ ಎತ್ತಿದನು. ಈ ಸಾದೃಶ್ಯವನ್ನು ಹಿಡಿದು ಇತ್ತೀಚಿನವರು ಒಬ್ಬಳ ಸ್ಥಾನದಲ್ಲಿ ಇನ್ನೊಬ್ಬಳನ್ನು ಕೂರಿಸಿದರು. ಪಕ್ಕದಲ್ಲಿ ಯಯಾತಿಯನ್ನೂ ಶರ್ಮಿಷ್ಠೆಯನ್ನೂ ನಿಲ್ಲಿಸಿದರು. ಇಂಥ ರಸಿಕವಾದ ಭಾಷಾಂತರ ಅಪರೂಪ. ಬ್ರಹ್ಮಾಂಡವೆಂಬ ಪದದ ಮೇಲೆ ಕೆಲವರ ಆಕ್ಷೇಪವುಂಟು: ಬ್ರಹ್ಮಾಂಡವು ಒಂದೇ ಅಲ್ಲವೇ ಎಂದು. ಪುರಾಣಗಳೇ ಅನಂತಕೋಟಿ ಬ್ರಹ್ಮಾಂಡಗಳನ್ನು ಹೇಳುವುದರಿಂದ ಈ ಆಕ್ಷೇಪವು ನಿಲ್ಲುವುದಿಲ್ಲ. ನೀಹಾರಿಕೆಯೆಂಬುದು ಮಾತ್ರ ಇಲ್ಲಿ ಸರ್ವಥಾ ತ್ಯಾಜ್ಯ. ೧೯೨೩ರಲ್ಲಿ ಹಬಲ್ ಎಂಬ ವಿದ್ವಾಂಸನು ದೇವಯಾನಿಯಲ್ಲಿ ಒಂದು ಸಿಫೀಯಿಡ್ ನಕ್ಷತ್ರವನ್ನು ಗುರುತಿಸಿ ಅದರ ದೂರವನ್ನು ಎಣಿಸಿದ ಮೇಲೆ, ಅದು ಆಕಾಶಗಂಗೆಯೊಳಗಿನ ಮಂಜಲ್ಲ, ಹೊರಗಿನ ನಕ್ಷತ್ರಸಮುದಾಯವೆಂದು ಸ್ಥಿರವಾಯಿತು.

ಹೆಚ್ಚು ವಿಚಾರಕ್ಕೆ ಪಾತ್ರವಾದ ಪದ 'ಮೂಲ'. ಕ್ಷ-ಕಿರಣಗಳು ಹೊರಡುವ ಎಡೆಯನ್ನು ಕ್ಷ-ಕಿರಣ ಮೂಲವೆಂದು ಬರೆಯುವುದುಂಟು. ಸೂರ್ಯನನ್ನು ಬಿಟ್ಟರೆ ಆಕಾಶದಲ್ಲಿ ಮೊಟ್ಟಮೊದಲು ತಿಳಿದುಬಂದ ಇಂಥ ಎಡೆಯು, ೧೯೬೨ನೆಯ ಜೂನ್ ೧೮ರಂದು ಜಿಯಾಕೋನಿ ಮತ್ತು ಸಂಗಡಿಗರು ಹಾರಿಸಿದ ರಾಕೆಟ್ಟಿನ ಉಪಕರಣಕ್ಕೆ ದೊರೆತದ್ದು, ಅದಿರುವುದು ವೃಶ್ಚಿಕದಲ್ಲಿ. ವೃಶ್ಚಿಕದ ಬಾಲದ ನಕ್ಷತ್ರಗಳಿಗೇ ಮೂಲಾ ಎಂದು ಹೆಸರು. "ವೃಶ್ಚಿಕದ ಕ್ಷ-ಕಿರಣ ಮೂಲ" ಎಂದು ಓದಿದ ಪಂಚಾಂಗಪರಿಚಯವುಳ್ಳವನು ಯಾವುದನ್ನು ತಿಳಿಯಬೇಕು? ಅಲ್ಲದೆ ಮೂಲವೆಂದರೆ ಕಾರಣವೆಂಬ ಅರ್ಥವೂ ಬಲವಾಗಿದ್ದು, ಕಾರಣವು ತಿಳಿದೇ ಹೋಯಿತೆಂಬ ಭ್ರಾಂತಿಗೆ ಎಡೆಯಾಗುತ್ತದೆ. ಆಕರವೆಂದರೆ ಗಣಿ. ಗಣಿಯಿಂದ ಬರುವುದು ಏನೆಂದು ತಿಳಿದಿದ್ದರೂ ಗಣಿಯೊಳಗೆ ಏನಿದೆಯೆಂಬುದು ತಿಳಿದಿರಬೇಕಾಗಿಲ್ಲ. ಆದಕಾರಣ ಕ್ಷ-ಕಿರಣಾಕರವೆಂಬುದೇ ಸಾಧುವಾದ ಪ್ರಯೋಗ.

ಈ ಆಕರಗಳ ಶೋಧನದಲ್ಲಿ ಕನ್ನಡನಾಡಿನ ಪಾಲು ಅಲ್ಪವಲ್ಲ. ಭೂಮಿಯ ವಾಯುಮಂಡಲವು ಕ್ಷ-ಕಿರಣಗಳನ್ನು ತಡೆಯುವುದರಿಂದ ಇವುಗಳನ್ನು ಬೆಟ್ಟದ ತುದಿಯ ವೇಧಶಾಲೆಯಿಂದ ನೋಡಲಾಗದು. ಉಪಕರಣವೇ ವಾಯುಮಂಡಲವನ್ನು ದಾಟಬೇಕು. ಈ ಕೆಲಸಕ್ಕೇ ಮೀಸಲಾದ ಮೊದಲ ಉಪಗ್ರಹ ಉಹುರು ೧೯೭೦ನೆಯ ಡಿಸೆಂಬರಿನಲ್ಲಿ ಕೀನ್ಯಾ ದೇಶದ ತೀರದಿಂದ ಏರಿತು. ಉಡುಪಿಯ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾಗಿ ೧೯೭೫ನೆಯ ಏಪ್ರಿಲ್ ೧೯ರಂದು ಏರಿದ ಆರ್ಯಭಟದಲ್ಲಿಯೂ ಕ್ಷ-ಕಿರಣಗಳ ಉಪಕರಣವೊಂದಿತ್ತು. ವಿದ್ಯುತ್ತಿನ ವೈಕಲ್ಯದಿಂದ ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದುವು. ಅನಂತರ ೨೦೧೫ನೆಯ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಏರಿದ ಆಸ್ಟ್ರೊಸ್ಯಾಟ್ ಸುಮಾರು ೬೫೦ ಕಿಲೋಮೀಟರ್ ಎತ್ತರದಲ್ಲಿ ಕ್ಷ-ಕಿರಣವನ್ನೂ ನೇರಳಾತೀತ ಕಿರಣವನ್ನೂ ಒಟ್ಟಿಗೆ ನೋಡಬಲ್ಲ ಉಪಕರಣಗಳನ್ನು ಹೊತ್ತಿತು. ೨೦೨೪ನೆಯ ಜನವರಿ ೧ರಂದು ಏರಿದ ಎಕ್ಸ್‌ಪೋಸ್ಯಾಟಿನ ಪೋಲಿಕ್ಸ್ ಎಂಬ ಉಪಕರಣವು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯದು. ಇಷ್ಟು ಕೆಲಸ ನಡೆದ ನಾಡಿನ ಭಾಷೆಯಲ್ಲಿ ಅದನ್ನು ಹೇಳುವ ಮಾತು ಸಡಿಲವಾಗಿರುವುದು ಶೋಚನೀಯ.

ಈಗ ವಿಷಯದ ಒಡಲಿಗೆ ಬರಬಹುದು. ದೇವಯಾನಿಯಲ್ಲಿ ಐನ್‌ಸ್ಟೈನ್ ಎಂಬ ಉಪಗ್ರಹವು ತೋರಿಸಿದ ಆಕರಗಳು ೧೦೮. ರೋಸ್ಯಾಟ್ ಎಂಬುದರ ಕಾಲಕ್ಕೆ ಇವು ೫೬೦ ಆದುವು. ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕದ ೨೦೦೫ನೆಯ ಪಟ್ಟಿಯಲ್ಲಿ ೮೫೬, ೨೦೧೧ನೆಯ ಪಟ್ಟಿಯಲ್ಲಿ ೧೮೯೭. ಸಂಖ್ಯೆಯು ಬೆಳೆದಂತೆ ಜ್ಞಾನವೂ ಅಷ್ಟೇ ಬೆಳೆಯಿತೆಂದು ಭ್ರಮಿಸಬಾರದು. ಈ ಬಿಂದುಗಳಲ್ಲಿ ಕೆಲವು ದೇವಯಾನಿಗೆ ಸೇರಿದುವೇ ಅಲ್ಲ. ಕೆಲವು ಈಚೆ, ಆಕಾಶಗಂಗೆಯೊಳಗಿನ ನಕ್ಷತ್ರಗಳು. ಅನೇಕವು ಬಹುದೂರ ಆಚೆ, ಬೇರೆ ಬ್ರಹ್ಮಾಂಡಗಳ ಉಜ್ಜ್ವಲ ಗರ್ಭಗಳು. ಉಳಿದುವುಗಳಲ್ಲಿ ಸಿಡಿದ ನಕ್ಷತ್ರಗಳ ಅವಶೇಷಗಳಿವೆ, ನವನಕ್ಷತ್ರಗಳಿವೆ, ನ್ಯೂಟ್ರಾನ್ ನಕ್ಷತ್ರವೋ ಕೃಷ್ಣವಿವರವೋ ತನ್ನ ಸಂಗಾತಿ ನಕ್ಷತ್ರದ ದ್ರವ್ಯವನ್ನು ಸೆಳೆದುಕೊಳ್ಳುವ ಯುಗ್ಮಗಳಿವೆ. ಎಲ್ಲವೂ ದೂರದರ್ಶಕಕ್ಕೆ ಬಿಂದುಮಾತ್ರ, ಹೆಚ್ಚೆಂದರೆ ಸಣ್ಣ ಮಸುಕು. ಇವೆಲ್ಲಕ್ಕಿಂತ ತೀಕ್ಷ್ಣದೃಷ್ಟಿಯುಳ್ಳ ಚಂದ್ರ ದೂರದರ್ಶಕವು (ಇದು ಆಕಾಶದ ಚಂದ್ರನಲ್ಲ, ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರಿನದು) ಸುಮಾರು ಅರ್ಧ ವಿಕಲೆಯಷ್ಟು ಸೂಕ್ಷ್ಮವನ್ನು ಬೇರ್ಪಡಿಸಬಲ್ಲದು. ದೇವಯಾನಿಯ ದೂರದಲ್ಲಿ ಅರ್ಧ ವಿಕಲೆಯೆಂದರೆ ಸುಮಾರು ೬ ಜ್ಯೋತಿರ್ವರ್ಷ. ಯುಗ್ಮದ ಎರಡು ಕಾಯಗಳ ನಡುವಣ ಅಂತರವಾದರೋ ಬೆಳಕು ಕೆಲವು ನಿಮಿಷಗಳಲ್ಲಿ, ಕೆಲವೆಡೆ ಕೆಲವೇ ಸೆಕೆಂಡುಗಳಲ್ಲಿ ದಾಟುವಷ್ಟು. ಹೀಗಿರುವಲ್ಲಿ ಕೃಷ್ಣವಿವರವನ್ನು 'ಕಂಡರು' ಎಂಬ ಮಾತಿಗೆ ಆಲಂಬನವೆಲ್ಲಿ?

ಕಂಡದ್ದು ಬಿಂದು. ಕೃಷ್ಣವಿವರವು ಅನುಮಿತ. ೨೦೧೩ರ ಅನುಮಾನವು ಯಾವ ಜಾತಿಯದೆಂಬುದನ್ನು ನೋಡಿದರೆ ತರ್ಕವನ್ನು ಓದಿದವರಿಗೆ ಸಂತೋಷವಾಗದಿರದು. ಯುಗ್ಮಗಳ ಕಿರಣವು ಕೆಲವು ಸ್ಥಿತಿಗಳಲ್ಲಿ ಕಠಿಣ, ಕೆಲವು ಸ್ಥಿತಿಗಳಲ್ಲಿ ಮೃದು; ಅಂದರೆ ಹೆಚ್ಚು ಶಕ್ತಿಯ ಕಿರಣಗಳ ಪಾಲು ಒಮ್ಮೆ ಹೆಚ್ಚು, ಒಮ್ಮೆ ಕಡಮೆ. ನ್ಯೂಟ್ರಾನ್ ನಕ್ಷತ್ರವುಳ್ಳ ಯುಗ್ಮವು ಒಂದು ಮಿತಿಯನ್ನು ಮೀರಿ ಪ್ರಜ್ವಲಿಸಿದಾಗ ಕಠಿಣಸ್ಥಿತಿಯಲ್ಲಿ ಉಳಿಯುವುದಿಲ್ಲವೆಂಬುದು ಆಕಾಶಗಂಗೆಯ ಯುಗ್ಮಗಳಿಂದ ತಿಳಿದ ನಿಯಮ. ದೇವಯಾನಿಯ ಯಾವ ಬಿಂದುವು ಆ ಮಿತಿಯನ್ನು ಮೀರಿಯೂ ಕಠಿಣವಾಗಿಯೇ ಉಳಿದಿದೆಯೋ ಅದು ನ್ಯೂಟ್ರಾನ್ ನಕ್ಷತ್ರವಲ್ಲ, ಆದ್ದರಿಂದ ಕೃಷ್ಣವಿವರವಾಗಿರಬಹುದು. ನೈಯಾಯಿಕರು ಶೇಷವತ್ ಎಂದೂ ಪರಿಶೇಷವೆಂದೂ ಕರೆಯುವ ಅನುಮಾನವು ಇದೇ: ಪ್ರಸಕ್ತವಾದುದನ್ನು ನಿಷೇಧಿಸಿ ಉಳಿದುದನ್ನು ಗ್ರಹಿಸುವುದು. ಇದರ ಬಲವೆಲ್ಲ ಎರಡು ಅಂಶಗಳಲ್ಲಿದೆ. ಉಳಿದ ಪಕ್ಷಗಳೆಲ್ಲವನ್ನೂ ಎಣಿಸಿದ್ದೇವೆಯೆಂಬ ನಂಬಿಕೆ ಒಂದು. ಇಲ್ಲಿ ಗ್ರಹಿಸಿದ ವ್ಯಾಪ್ತಿಯು ಅಲ್ಲಿಯೂ ಸಲ್ಲುವುದೆಂಬ ನಂಬಿಕೆ ಇನ್ನೊಂದು. ರಾಜಹಂಸದಲ್ಲಿರುವ ಪ್ರಸಿದ್ಧ ಆಕರದ ವಿಷಯವು ಬೇರೆ. ಅಲ್ಲಿ ಸಂಗಾತಿ ನಕ್ಷತ್ರದ ಚಲನವನ್ನು ಅಳೆದು, ಕಾಣದ ಕಾಯದ ತೂಕವು ಸೂರ್ಯನ ಸುಮಾರು ೨೧ರಷ್ಟೆಂದು ೨೦೨೧ರಲ್ಲಿ ಎಣಿಸಿದರು. ಅಷ್ಟು ತೂಕದ ನ್ಯೂಟ್ರಾನ್ ನಕ್ಷತ್ರವು ಇರಲಾರದು. ಅದೂ ಅನುಮಾನವೇ, ಆದರೆ ಹೇತುವು ದೃಢತರ. ೨೦೧೩ರ ೨೬ ಬಿಂದುಗಳಿಗೆ ಅಂಥ ತೂಕದ ಪ್ರಮಾಣವು ಒದಗಿರಲಿಲ್ಲ. ಎರಡನ್ನೂ "ಕಂಡರು" ಎಂಬ ಒಂದೇ ಕ್ರಿಯಾಪದದಿಂದ ಹೇಳಿದರೆ ಓದುಗನಿಗೆ ಈ ತಾರತಮ್ಯವು ಎಂದಿಗೂ ತಿಳಿಯದು.

ಪಟ್ಟಿಗಳನ್ನು ರಚಿಸಿದವರು ಈ ತಾರತಮ್ಯವನ್ನು ಎಷ್ಟು ಎಚ್ಚರದಿಂದ ಕಾದಿದ್ದಾರೆಂಬುದು ಗಮನಾರ್ಹ. ಎಕ್ಸ್‌ಎಂಎಂ-ನ್ಯೂಟನ್ ಪಟ್ಟಿಗಳಲ್ಲಿ ಗುರುತಿಸುವುದು ಬೇರೆ, ವರ್ಗೀಕರಿಸುವುದು ಬೇರೆ. ದೃಗ್ಗೋಚರವಾದ ಬೆಳಕು, ರೇಡಿಯೋ ತರಂಗ, ಕಾಲಾನುಸಾರವಾದ ಏರಿಳಿತ ಮುಂತಾದ ಬೇರೊಂದು ಪ್ರಮಾಣವು ದೊರೆತಲ್ಲಿ ವಸ್ತುವಿನ ಹೆಸರನ್ನು ಹಾಗೆಯೇ ಬರೆಯುತ್ತಾರೆ. ಕ್ಷ-ಕಿರಣದ ಗುಣದಿಂದ ಮಾತ್ರ ಊಹಿಸಿದಲ್ಲಿ ಅದೇ ಹೆಸರನ್ನು ಕೋನಾಕಾರದ ಆವರಣಚಿಹ್ನೆಗಳ ನಡುವೆ ಇಡುತ್ತಾರೆ. ಬಹುಸಂಖ್ಯೆಯ ಆಕರಗಳಿಗೆ ಆ ಆವರಣದೊಳಗೆ 'ಕಠಿಣ' ಎಂಬ ಒಂದು ಗುಣವಾಚಕವನ್ನಷ್ಟೇ ಬರೆದು ಸುಮ್ಮನಾಗಿದ್ದಾರೆ. ಯುಗ್ಮವೋ, ಅವಶೇಷವೋ, ಆಚೆಯ ಬ್ರಹ್ಮಾಂಡದ ಗರ್ಭವೋ ಎಂಬುದನ್ನು ನಿರ್ಣಯಿಸಿಲ್ಲ. ಸಾವಿರಾರು ಬಿಂದುಗಳನ್ನು ಎಣಿಸಿದ ವಿದ್ವಾಂಸರ ಈ ಮೌನವು ಶ್ಲಾಘ್ಯ.

ಅಲಂಕಾರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಆ ಸಣ್ಣ ಚಿಹ್ನೆಯ ಬೆಲೆ ಸ್ಪಷ್ಟವಾಗುತ್ತದೆ. ಇದೋ ಅದೋ ಎಂದು ಎರಡು ಕೋಟಿಗಳೂ ಸಮಬಲವಾಗಿದ್ದರೆ ಸಂದೇಹ. ಒಂದು ಕೋಟಿಯು ಉತ್ಕಟವಾದರೆ ಸಂಭಾವನೆ. ಅದೇ ಉತ್ಪ್ರೇಕ್ಷೆಯ ಜೀವ. ಎರಡಕ್ಕೂ ಅಭೇದವನ್ನು ಹೇಳಿದರೆ ರೂಪಕ. ವಿಷಯವನ್ನು ಹೇಳದೆ ನುಂಗಿ ವಿಷಯಿಯನ್ನು ಮಾತ್ರ ಹೇಳಿದರೆ ಅತಿಶಯೋಕ್ತಿ. ದಂಡಿಯು ಮನ್ಯೇ, ಶಂಕೇ, ಧ್ರುವಂ, ಪ್ರಾಯಃ, ನೂನಂ ಮುಂತಾದ ಉತ್ಪ್ರೇಕ್ಷಾವಾಚಕಗಳನ್ನು ಎಣಿಸಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ಖಗೋಳಜ್ಞರ ಕೋನಾವರಣವು ಅವರ 'ಮನ್ಯೇ'. "೨೬ ಕೃಷ್ಣವಿವರಗಳನ್ನು ಕಂಡರು" ಎಂಬಲ್ಲಿ ಬಿಂದುವೆಂಬ ವಿಷಯವು ನುಂಗಲ್ಪಟ್ಟು ಕೃಷ್ಣವಿವರವೆಂಬ ವಿಷಯಿಯೊಂದೇ ಉಳಿದಿರುವುದರಿಂದ ಉತ್ಪ್ರೇಕ್ಷೆಯು ರೂಪಕವನ್ನೂ ದಾಟಿ ಅತಿಶಯೋಕ್ತಿಯಾಗಿ ಪರಿಣಮಿಸಿದೆ. ಕವಿಗೆ ಇದು ಭೂಷಣ. ಕವಿಯ ಸಂಭಾವನೆಯು ಆಹಾರ್ಯ, ಬೇಕೆಂದೇ ಮಾಡಿದ್ದು. ಮುಖವು ಚಂದ್ರನಲ್ಲವೆಂಬುದನ್ನು ಬಲ್ಲ ಸಹೃದಯನು ಮೋಸಹೋಗುವುದಿಲ್ಲ. ಖಗೋಳಜ್ಞನ ಸಂಭಾವನೆಯು ಆಹಾರ್ಯವಲ್ಲ. ಓದುಗನಿಗೆ ಅದನ್ನು ಪರೀಕ್ಷಿಸುವ ಬೇರೆ ದಾರಿಯೂ ಇಲ್ಲ. ಇಲ್ಲಿ ವಾಚಕಪದವನ್ನು ಬಿಡುವುದು ಓದುಗನನ್ನು ವಂಚಿಸಿದಂತೆಯೇ. ಇಂದಿನ ಕನ್ನಡದಲ್ಲಿ ಉತ್ಪ್ರೇಕ್ಷೆಯೆಂದರೆ ಇದ್ದುದನ್ನು ಹಿಗ್ಗಿಸಿ ಹೇಳುವುದು ಎಂದೇ ಅರ್ಥವಾಗಿ ಹೋಗಿರುವುದು ವಿಚಿತ್ರ. ಶಾಸ್ತ್ರೀಯವಾದ ಉತ್ಪ್ರೇಕ್ಷೆಯನ್ನು ಬಿಟ್ಟುದರಿಂದಲೇ ಲೌಕಿಕವಾದ ಉತ್ಪ್ರೇಕ್ಷೆಯು ಹುಟ್ಟಿತೆಂಬುದಕ್ಕೆ ಈ ವಾಕ್ಯವೇ ಉದಾಹರಣೆ.

ಇನ್ನು, ಮೂಲದಲ್ಲಿ ಆವರಣದ ಬದಲು ಬರುವ 'ಕ್ಯಾಂಡಿಡೇಟ್' ಎಂಬ ಪದಕ್ಕೆ ಕನ್ನಡವೇನು? ಅಭ್ಯರ್ಥಿಯೆಂದು ಬರೆದರೆ ಕೃಷ್ಣವಿವರವು ಚುನಾವಣೆಗೆ ನಿಂತಂತಾಗುತ್ತದೆ. ಅಭ್ಯರ್ಥಿಯೆಂದರೆ ಬೇಡುವವನು, ಈ ಕಾಯವಾದರೋ ಬೇಡದೆಯೇ ಸೆಳೆದುಕೊಳ್ಳುವಂಥದು. ಶಂಕಿತವೆಂದರೆ ಅಪರಾಧದ ಅಥವಾ ರೋಗದ ನೆರಳು ಬೀಳುತ್ತದೆ. ಸಂಭಾವಿತವೆಂಬುದು ಧಾತುವಿನಿಂದ ಸರಿಯಾದರೂ ಕನ್ನಡದಲ್ಲಿ ಸಂಭಾವಿತನೆಂದರೆ ಮರ್ಯಾದಸ್ಥ. ಸಂಭಾವ್ಯವೆಂಬುದೊಂದೇ ನಿರ್ದುಷ್ಟ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ಇಂಥ ಸೂಕ್ಷ್ಮವು ವಿದ್ವಾಂಸರಿಗೆ ಸರಿ. ಅಮೀನಗಡದಂಥ ಊರಿನ ಶಾಲೆಯ ಹುಡುಗನಿಗೆ ಸಂಭಾವ್ಯವೂ ಒಂದೇ, ಶೇಷವತ್ತೂ ಒಂದೇ. ಸುಲಭವಾಗಿ ಹೇಳಲು ಹೋದರೆ ಸ್ವಲ್ಪ ಸಡಿಲವು ಅನಿವಾರ್ಯ, ಎಂದು. ಈ ಪಕ್ಷವು ದುರ್ಬಲ. ಕನ್ನಡದ ಕ್ರಿಯಾಪದವೇ ಈ ಸೂಕ್ಷ್ಮವನ್ನು ತನ್ನಲ್ಲಿ ಹೊತ್ತಿದೆ. ವಿಧ್ಯರ್ಥಕ, ನಿಷೇಧಾರ್ಥಕಗಳೊಡನೆ ಸಂಭಾವನಾರ್ಥಕವನ್ನು ಪ್ರತಿಯೊಬ್ಬ ಕನ್ನಡ ಅಧ್ಯಾಪಕನೂ ಪಾಠ ಹೇಳುತ್ತಾನೆ. "ಮಳೆ ಬಂದೀತು", "ಅವನು ಮನೆಯಲ್ಲಿ ಇದ್ದಾನು" ಎನ್ನುವ ಹುಡುಗನು ಉತ್ಕಟಕೋಟಿಕವಾದ ಸಂಶಯವನ್ನು ಲಕ್ಷಣವರಿಯದೆಯೇ ಬಳಸುತ್ತಾನೆ. ಮಳೆಗೆ ಸಲ್ಲುವ ಪ್ರತ್ಯಯವು ಕೃಷ್ಣವಿವರಕ್ಕೇಕೆ ಸಲ್ಲಬಾರದು? ವ್ಯಾಕರಣದ ಗಂಟೆಯಲ್ಲಿ ಉದಾಹರಣೆಗಾಗಿ ಬರುವ ರೂಪವು ವಿಜ್ಞಾನದ ಗಂಟೆಯಲ್ಲಿ ಮಾಯವಾಗುವುದು ಭಾಷೆಯ ದಾರಿದ್ರ್ಯದಿಂದಲ್ಲ, ಬರೆಯುವವರ ಅವಸರದಿಂದ. ಹುಡುಗನಿಗೆ ಆಗುವ ನಷ್ಟವೂ ಚಿಕ್ಕದಲ್ಲ. ಇಂದು ಕೃಷ್ಣವಿವರವೆಂದು ಹೇಳಿಸಿಕೊಂಡ ಬಿಂದುವು ನಾಳೆ ಆಚೆಯ ಬ್ರಹ್ಮಾಂಡದ ಗರ್ಭವೆಂದು ತಿಳಿದುಬಂದರೆ, ಖಗೋಳಜ್ಞರು ಹೇಳಿದ್ದೇ ಸುಳ್ಳೆಂದು ಅವನು ನಿಶ್ಚಯಿಸುವನು. ಸುಳ್ಳು ಹೇಳಿದ್ದು ಭಾಷಾಂತರವೆಂಬುದು ಅವನಿಗೆ ತಿಳಿಯುವ ಬಗೆಯಿಲ್ಲ.

ಸಂಭಾವನೆಯು ನಿರ್ಣಯವಾಗುವುದು ಪ್ರಮಾಣಾಂತರದ ಸಂವಾದದಿಂದ. ದೇವಯಾನಿಯ ಅತ್ಯಂತ ಮೃದುವಾದ ಆಕರಗಳ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನ. ಅವುಗಳ ಸ್ಥಾನಗಳನ್ನು ದೃಗ್ಗೋಚರ ನವನಕ್ಷತ್ರಗಳ ದಾಖಲೆಗಳೊಡನೆ ಹೋಲಿಸಿ, ಅವುಗಳಲ್ಲಿ ಪ್ರಧಾನವಾದ ವರ್ಗವು ನವನಕ್ಷತ್ರಗಳದೇ ಎಂದು ೨೦೦೫ರಲ್ಲಿ ಸ್ಥಾಪಿಸಿದರು. ಆಸ್ಟ್ರೊಸ್ಯಾಟಿನ ನೇರಳಾತೀತ ದೂರದರ್ಶಕವೂ ಇಂಥದೇ ಕೆಲಸವನ್ನು ಮಾಡಿದೆ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ಹೊಸಕೋಟೆಯಲ್ಲಿ ಜೋಡಿಸಲ್ಪಟ್ಟ ಈ ಉಪಕರಣದ ಅವಳಿ ದರ್ಪಣಗಳ ವ್ಯಾಸ ಸುಮಾರು ೩೮ ಸೆಂಟಿಮೀಟರ್. ಒಮ್ಮೆಗೆ ಇದು ಸುಮಾರು ೨೮ ಕಲೆಗಳಷ್ಟು ಆಕಾಶವನ್ನು ನೋಡುತ್ತದೆ. ದೇವಯಾನಿಯಾದರೋ ಮೂರು ಅಂಶಗಳಷ್ಟು, ಅಂದರೆ ಆರು ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದವಿರುವುದರಿಂದ ಅದನ್ನು ತುಂಡುತುಂಡಾಗಿ ೨೦೧೭ರಿಂದ ೨೦೧೯ರವರೆಗೆ ನೋಡಬೇಕಾಯಿತು. ಆ ನೇರಳಾತೀತ ಪಟ್ಟಿಯನ್ನು ಚಂದ್ರ ದೂರದರ್ಶಕದ ೭೯೫ ಆಕರಗಳ ಪಟ್ಟಿಯೊಡನೆ ೨೦೨೦ರಲ್ಲಿ ಕೆನಡಾ ದೇಶದ ವಿದ್ವಾಂಸರು ಹೋಲಿಸಿದಾಗ ಎರಡರಲ್ಲಿಯೂ ದೊರೆತವು ೬೭. ಸಂಖ್ಯೆಯು ಅಲ್ಪವೆಂದು ಕಡೆಗಣಿಸಬಾರದು. ಆ ೬೭ ಬಿಂದುಗಳಿಗೆ ಒಂದಲ್ಲ, ಎರಡು ಸಾಕ್ಷಿ.

ಆದರೆ ಎರಡು ಸಾಕ್ಷಿಗಳೆಂದರೆ ನಿಜವಾಗಿ ಎರಡಾಗಿರಬೇಕು. ಈ ಮಾತಿಗೆ ನಿದರ್ಶನವು ಅಮೀನಗಡಕ್ಕೆ ಸಮೀಪವಾದ ಐಹೊಳೆಯಲ್ಲಿಯೇ ಇದೆ. ಮೇಗುತಿ ಜಿನಾಲಯದ ಗೋಡೆಯಲ್ಲಿರುವ, ಇಮ್ಮಡಿ ಪುಲಿಕೇಶಿಯ ಕಾಲದ ಶಾಸನದಲ್ಲಿ ರವಿಕೀರ್ತಿಯು ತನ್ನ ಕಾಲವನ್ನು ಎರಡು ಬಗೆಯಾಗಿ ಹೇಳಿದ್ದಾನೆ: ಭಾರತಯುದ್ಧದಿಂದ ೩೭೩೫ ವರ್ಷ, ಶಕವರ್ಷ ೫೫೬. ಕ್ರಿಸ್ತಶಕಕ್ಕೆ ತಂದರೆ ಇದು ೬೩೪. ಎರಡು ಎಣಿಕೆಗಳೂ ಸರಿಯಾಗಿ ಹೊಂದುತ್ತವೆ. ಇದನ್ನು ನೋಡಿ ಭಾರತಯುದ್ಧದ ಕಾಲಕ್ಕೆ ಶಾಸನಪ್ರಮಾಣವು ದೊರೆಯಿತೆಂದು ಹಿಗ್ಗುವವರುಂಟು. ೩೭೩೫ರಲ್ಲಿ ೫೫೬ನ್ನು ಕಳೆದರೆ ಉಳಿಯುವುದು ೩೧೭೯; ಕಲಿಗೂ ಶಕಕ್ಕೂ ನಡುವೆ ಜ್ಯೋತಿಷಿಗಳು ಇಟ್ಟುಕೊಂಡಿರುವ ಅಂತರವೇ ಅದು. ಒಂದು ಸಂಖ್ಯೆಯಿಂದ ಇನ್ನೊಂದು ಗಣಿತದಿಂದ ಹುಟ್ಟಿದ ಮೇಲೆ ಅವುಗಳ ಹೊಂದಿಕೆಯು ಸಂವಾದವಲ್ಲ, ಪ್ರತಿಧ್ವನಿ. ರವಿಕೀರ್ತಿಯಲ್ಲಿ ಇದರ ದೋಷವೇನೂ ಇಲ್ಲ. ಅವನು ಎರಡಕ್ಕೂ ಅದರದರ ಹೆಸರನ್ನು ಹೇಳಿಯೇ ಸಂಖ್ಯೆಯನ್ನು ಇಟ್ಟಿದ್ದಾನೆ, ಯಾವುದು ಯಾವ ಎಣಿಕೆಯದೆಂದು ಓದುಗನು ವಿಚಾರಿಸಿಕೊಳ್ಳಬಲ್ಲನು. ಇದರಂತೆಯೇ, ಒಂದೇ ಬಿಂದುವನ್ನು ಎರಡು ಕ್ಷ-ಕಿರಣ ದೂರದರ್ಶಕಗಳು ಕಠಿಣವೆಂದು ಹೇಳಿದರೆ ಬಿಂದುವಿರುವುದು ದೃಢವಾಯಿತೇ ಹೊರತು ಅದು ಕೃಷ್ಣವಿವರವೆಂಬುದು ದೃಢವಾಗಲಿಲ್ಲ. ನೇರಳಾತೀತವೋ ದೃಗ್ಗೋಚರವೋ ರೇಡಿಯೋವೋ ಹೇಳಬೇಕು.

ಹೀಗಿರುವುದರಿಂದ ೨೦೧೩ರ ವಾರ್ತೆಯ ಕನ್ನಡವು ಈ ಬಗೆಯಾಗಿರುವುದು ಉಚಿತ: "ದೇವಯಾನಿ ಬ್ರಹ್ಮಾಂಡದ ದಿಕ್ಕಿನಲ್ಲಿ ಕಾಣುವ ಕ್ಷ-ಕಿರಣಾಕರಗಳಲ್ಲಿ ೨೬ನ್ನು, ಅವುಗಳ ಕಾಂತಿಯನ್ನೂ ಕಾಠಿಣ್ಯವನ್ನೂ ನೋಡಿ, ಸಂಭಾವ್ಯ ಕೃಷ್ಣವಿವರಗಳೆಂದು ಹೊ�ಸದಾಗಿ ಎಣಿಸಿದ್ದಾರೆ, ಅವುಗಳಲ್ಲಿ ಕೆಲವು ಬೇರೆಯೂ ಆದಾವು." ಇದು ಮೊದಲಿನ ವಾಕ್ಯಕ್ಕಿಂತ ಉದ್ದವೆಂಬುದು ನಿಜ. ಪಟ್ಟಿಗಳನ್ನು ಕನ್ನಡದಲ್ಲಿ ಅಚ್ಚು ಮಾಡುವಾಗ ಮೂಲದ ಕೋನಾವರಣಗಳನ್ನೂ ಬಿಡದೆ ಇಡಬೇಕು. ಆ ಚಿಹ್ನೆಯನ್ನು ಅಚ್ಚು ಮಾಡುವುದು ಕಷ್ಟವೇನಲ್ಲ.